ಮುಪ್ಪಿನವರ ಮನೆಗೆ ಮೊದಲ ಹಣ ಯಾರದು?



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಈ ಮಾತನ್ನು ಮೊದಲು ಆಡಿದವರು ಮೈಯಲ್ಲಿ ಕಸುವಿದ್ದವರನ್ನು ನೆನೆದೇ ಆಡಿರಬೇಕು. ಎಪ್ಪತ್ತು ದಾಟಿ, ಕೋಲೂರಿಕೊಂಡು ನಡೆಯುವ ಒಬ್ಬ ಮುದುಕಿಗೆ "ನಿನಗೆ ಮನೆ ಮಂಜೂರಾಗಿದೆ, ಕಟ್ಟಿಕೊಳ್ಳಮ್ಮ" ಎಂದರೆ ಆಕೆ ಏನು ಮಾಡಬೇಕು? ಈ ಸಲದ ಪಾಠಕ್ಕೆ ಇದೇ ವಿಷಯ. ಸಂಜೆ ಚಾವಡಿಯಲ್ಲಿ ಒಬ್ಬರು ಓದಿ, ಉಳಿದವರು ಕೇಳಿ, ಆಮೇಲೆ ಚರ್ಚೆ ಮಾಡಬಹುದು.

ಕೆಲವು ದಿನಗಳ ಹಿಂದೆ ನಾನು ಒಂದು ಗ್ರಾಮಸಭೆಯಲ್ಲಿ ಕುಳಿತಿದ್ದೆ. ಊರಿನ ಹೆಸರು ಇಲ್ಲಿ ಬೇಡ. ಮನೆಗಳ ಪಟ್ಟಿ ಓದುವಾಗ ಒಬ್ಬ ವಿಧವೆಯ ಹೆಸರು ಬಂತು. ಆಕೆಗೆ ಮಂಜೂರಾತಿ ಸಿಕ್ಕಿ ಎರಡು ವರ್ಷವಾಗಿತ್ತು, ತಳಪಾಯವನ್ನೇ ತೋಡಿರಲಿಲ್ಲ. ಹಾಗಾದರೆ ಆ ಹೆಸರನ್ನು ತೆಗೆದುಹಾಕಿ ಬೇರೆಯವರಿಗೆ ಕೊಡಿ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ಆ ಮುದುಕಿ ಕಂಬಕ್ಕೆ ಒರಗಿ ಕುಳಿತಿದ್ದಳು. ಆಕೆ ಆಡಿದ್ದು ಒಂದೇ ಮಾತು: "ದುಡ್ಡು ಬರಲಿ, ಕಟ್ಟಿಸ್ತೀನಿ ಅಂತ ನಾನು ಕಾಯ್ತಾ ಇದ್ದೆ, ಕಟ್ಟಿಸು, ದುಡ್ಡು ಬರ್ತದೆ ಅಂತ ಅವರು ಕಾಯ್ತಾ ಇದ್ದರು." ಸಭೆಯಲ್ಲಿ ನಕ್ಕವರೂ ಇದ್ದರು. ಆದರೆ ವಿಷಯದ ತಿರುಳನ್ನು ಆಕೆಯಷ್ಟು ಸರಿಯಾಗಿ ಅಂದು ಮತ್ತಾರೂ ಹೇಳಲಿಲ್ಲ.

ಏಕೆಂದು ನೋಡೋಣ. ನಮ್ಮ ರಾಜ್ಯದಲ್ಲಿ ಗ್ರಾಮೀಣ ಮನೆಗಳ ಸಹಾಯಧನ ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಬರುತ್ತದೆ. ಈ ನಿಗಮ ಸ್ಥಾಪನೆಯಾದುದು 2000ನೆಯ ಇಸವಿಯಲ್ಲಿ. ಬಸವ ವಸತಿಯಂಥ ಯೋಜನೆಗಳಲ್ಲಿ ಹಣವನ್ನು ಒಟ್ಟಿಗೆ ಕೊಡುವುದಿಲ್ಲ. ತಳಪಾಯ, ಗೋಡೆ, ಛಾವಣಿ, ಮುಕ್ತಾಯ ಎಂದು ಹಂತಗಳನ್ನು ಮಾಡಿ, ಒಂದೊಂದು ಹಂತ ಮುಗಿದ ಮೇಲೆ ಸ್ಥಳದ ಫೋಟೋ ತೆಗೆದು, ಆ ಹಂತದ ಕಂತನ್ನು ಖಾತೆಗೆ ಹಾಕುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಮನೆ ಕಟ್ಟದೆಯೇ ಹಣ ಎತ್ತಿದ ಕಾಲವನ್ನು ಕಂಡ ಮೇಲೆ ಮಾಡಿದ ಏರ್ಪಾಡು ಅದು. ಆದರೆ ಈ ಏರ್ಪಾಡಿನಲ್ಲಿ ಮಾತಿಲ್ಲದೆ ಅಡಗಿರುವ ಒಂದು ಷರತ್ತು ಇದೆ: ಮೊದಲ ಹಂತದ ಹಣ ಕಟ್ಟುವವನ ಕೈಯಲ್ಲೇ ಇರಬೇಕು. ಗಟ್ಟಿಮುಟ್ಟಾದ ರೈತ ಒಂದು ಜೊತೆ ಹೋರಿ ಮಾರುತ್ತಾನೆ, ಸಂಘದಲ್ಲಿ ಸಾಲ ತೆಗೆಯುತ್ತಾನೆ, ಕಲ್ಲುಮಣ್ಣನ್ನು ತಾನೇ ಹೊರುತ್ತಾನೆ. ಮುದುಕಿಗೆ ಇವು ಮೂರೂ ಇಲ್ಲ.

ಕೇಂದ್ರ ಸರ್ಕಾರದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಮಾರ್ಗಸೂಚಿಯಲ್ಲಿ ಮಂಜೂರಾತಿಯ ಹಿಂದೆಯೇ ಮೊದಲ ಕಂತು ಕೊಡಬೇಕೆಂಬ ಮಾತಿದೆ. ಆದುದರಿಂದ ನಿಮ್ಮ ಊರಿನ ಯಾವ ಮನೆ ಯಾವ ಯೋಜನೆಯದು ಎಂಬುದನ್ನು ಮೊದಲು ಕೇಳಿ ತಿಳಿಯಿರಿ. "ಆಶ್ರಯ ಮನೆ" ಎಂಬ ಒಂದೇ ಹೆಸರಿನಲ್ಲಿ ಎಲ್ಲವನ್ನೂ ಕರೆದು ಈ ಗೊಂದಲವನ್ನು ನಾವೇ ಮಾಡಿಕೊಂಡಿದ್ದೇವೆ.

ಈಗ ಲೆಕ್ಕಕ್ಕೆ ಬರೋಣ. ಕಾಗದ, ಸೀಸದ ಕಡ್ಡಿ ತೆಗೆದುಕೊಂಡು ಕುಳಿತರೆ ಒಳ್ಳೆಯದು.

ಕೇಂದ್ರದ ಯೋಜನೆ 2016ರಲ್ಲಿ ಹೊರಟಾಗ ಮನೆಯ ಅಳತೆ ಕನಿಷ್ಠ 25 ಚದರ ಮೀಟರು, ಎಂದರೆ ಸುಮಾರು 270 ಚದರ ಅಡಿ, ಎಂದು ಗೊತ್ತುಮಾಡಿದರು. ಬಯಲುಸೀಮೆಯಲ್ಲಿ ಒಂದು ಮನೆಗೆ ಸಹಾಯಧನ 1,20,000 ರೂಪಾಯಿ. ಇದರಲ್ಲಿ ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. ಶೌಚಾಲಯಕ್ಕೆ ಬೇರೆ 12,000. ಇದರ ಮೇಲೆ ಉದ್ಯೋಗ ಖಾತರಿಯಿಂದ 90 ದಿನದ ಕೂಲಿ. 2025-26ರ ದರ 370 ರೂಪಾಯಿಯಂತೆ ಅದು 33,300 ಆಗುತ್ತದೆ. ಮೂರೂ ಸೇರಿ 1,65,300. (ಉದ್ಯೋಗ ಖಾತರಿ ಕಾಯಿದೆಯ ಬದಲಿಗೆ ಸಂಸತ್ತು 2025ರ ಡಿಸೆಂಬರಿನಲ್ಲಿ ಹೊಸ ಕಾಯಿದೆಯನ್ನು ಅಂಗೀಕರಿಸಿದೆ, ಕೂಲಿಯ ಬಾಬತ್ತನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಹೊಸದಾಗಿ ಕೇಳಿಕೊಳ್ಳಬೇಕು.)

ಖರ್ಚಿನ ಕಡೆ ನೋಡಿ. ಚದರ ಅಡಿಗೆ 1,500 ರೂಪಾಯಿಯೆಂದು ಹಿಡಿಯಿರಿ. ನಿಮ್ಮ ಊರಿನ ಗಾರೆಯವನು ಇನ್ನೂ ಹೆಚ್ಚು ಹೇಳಿದರೆ ಅದನ್ನೇ ಬರೆದುಕೊಳ್ಳಿ. 270 ಚದರ ಅಡಿಗೆ 4,05,000 ಆಯಿತು. ಬರುವುದನ್ನು ಕಳೆದರೆ 2,39,700 ರೂಪಾಯಿ ಕೊರತೆ. ಅಲ್ಲದೆ ಆ ಕೂಲಿಯ 33,300 ಮೈಮುರಿದು ದುಡಿದವರಿಗೆ ಸಲ್ಲುವ ಹಣ. ಮುದುಕಿ ಗುದ್ದಲಿ ಹಿಡಿಯುವಂತಿಲ್ಲ.

ಆಕೆಯ ಆದಾಯ ಏನು? ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಆರಂಭವಾಯಿತು. 65 ವರ್ಷ ದಾಟಿದ ಬಡವರಿಗೆ ಕೊಡುವ ಆ ಮಾಸಾಶನ 2021ರಲ್ಲಿ 1,200 ರೂಪಾಯಿಗೆ ಏರಿತು. ಅದರಲ್ಲಿ ತಿಂಗಳಿಗೆ 200 ಉಳಿಸಿದಳೆಂದುಕೊಳ್ಳಿ. ಔಷಧಿಯ ಖರ್ಚಿರುವವರಿಗೆ ಅದೂ ಕಷ್ಟ. ವರ್ಷಕ್ಕೆ 2,400. ತಳಪಾಯಕ್ಕೆ 50,000 ಬೇಕಾದರೆ ಅಷ್ಟು ಕೂಡಿಸಲು ಸುಮಾರು 21 ವರ್ಷ ಬೇಕು. ಎಪ್ಪತ್ತೆರಡರ ಹೆಂಗಸಿಗೆ ಇಪ್ಪತ್ತೊಂದು ವರ್ಷ!

ಇಂಥವರು ಎಲ್ಲೋ ಒಬ್ಬಿಬ್ಬರು ಎಂದು ತಿಳಿಯಬಾರದು. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದಲ್ಲಿ 10 ಕೋಟಿ 38 ಲಕ್ಷ. ಅವರಲ್ಲಿ 7 ಕೋಟಿಗೂ ಹೆಚ್ಚು ಮಂದಿ ಹಳ್ಳಿಗಳಲ್ಲೇ ಇದ್ದರು. ಇವರೆಲ್ಲರೂ ಮನೆಯಿಲ್ಲದವರಲ್ಲ, ನಿಜ. ಆದರೆ ಮಕ್ಕಳು ಪಟ್ಟಣ ಸೇರಿದ ಮೇಲೆ ಹಳೆಯ ಮಣ್ಣುಗೋಡೆಯ ಮನೆಯಲ್ಲಿ ಉಳಿದ ಎರಡು ಜೀವಗಳು ನಿಮ್ಮ ಬೀದಿಯಲ್ಲೇ ಎಷ್ಟಿವೆ, ಎಣಿಸಿ ನೋಡಿ.

ಪುನಃ ಆ ಸಭೆಗೆ ಹೋಗೋಣ. ಅಲ್ಲಿ ಎದ್ದ ಮಾತುಗಳು ಯಾವ ಊರಿನಲ್ಲಾದರೂ ಏಳುವಂಥವೇ. ಒಬ್ಬರು ಹೇಳಿದರು: ಆಕೆಯ ಕಾಲ ಮುಗಿಯುತ್ತ ಬಂತು, ಮೂರು ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ಕೊಟ್ಟರೆ ಮೂವತ್ತು ವರ್ಷ ಬಾಳುತ್ತಾರೆ. ಕೇಳಲು ಕಟುವಾದರೂ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮಕ್ಕಳಿರುವ ಬಡವನಿಗೂ ಮಳೆ ಸುರಿಯುತ್ತದೆ. ಆದರೆ ಬಡವರ ಪಟ್ಟಿ ಮಾಡಿದವರು ಇದನ್ನು ಯೋಚಿಸಿಯೇ ಇದ್ದರು. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಕೊರತೆಯ ಗುರುತುಗಳನ್ನು ಹಾಕುವಾಗ "16ರಿಂದ 59 ವರ್ಷದೊಳಗಿನ ವಯಸ್ಕರು ಯಾರೂ ಇಲ್ಲದ ಮನೆ" ಎಂಬುದನ್ನೇ ಒಂದು ಗುರುತಾಗಿ ಇಟ್ಟರು. ದುಡಿಯುವ ಕೈ ಇಲ್ಲದ ಮನೆ ಎಂದು ಅದರ ಅರ್ಥ. ಆದುದರಿಂದ ವಯಸ್ಸಾಗಿದೆ ಎಂಬುದು ಪಟ್ಟಿಯಿಂದ ತೆಗೆಯಲು ಕಾರಣವಲ್ಲ, ಮುಂದಕ್ಕೆ ತರಲು ಕಾರಣ. ಇದನ್ನು ಅಂದು ಸಭೆಯಲ್ಲಿ ಹೇಳುವವರೇ ಇರಲಿಲ್ಲ; ನಾನು ಎದ್ದು ಹೇಳಬೇಕಾಯಿತು.

ಇಲ್ಲಿ ರೈತರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. 2024ರಲ್ಲಿ ಕೇಂದ್ರದ ಯೋಜನೆಗೆ ಹೊಸ ಸಮೀಕ್ಷೆ ನಡೆದಾಗ, ಯಾರನ್ನು ಪಟ್ಟಿಯಿಂದ ಬಿಡಬೇಕೆಂಬ ನಿಯಮಗಳನ್ನು ಸ್ವಲ್ಪ ಸಡಿಲಿಸಿದರು. ಆದರೂ ಎರಡೂವರೆ ಎಕರೆ ನೀರಾವರಿ ಅಥವಾ ಐದು ಎಕರೆ ಖುಷ್ಕಿ ಜಮೀನಿದ್ದವರಿಗೂ, 50,000 ಅಥವಾ ಅದಕ್ಕೂ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದವರಿಗೂ ಮನೆ ಇಲ್ಲ ಎಂಬ ನಿಯಮ ಉಳಿಯಿತು. ಪಹಣಿ ತಂದೆಯ ಹೆಸರಿನಲ್ಲಿ, ಕಾರ್ಡೂ ತಂದೆಯ ಹೆಸರಿನಲ್ಲಿ. ಉಳುವುದು ಮಗ, ಬೆಳೆಸಾಲದ ಹಣ ಬಳಸುವುದೂ ಮಗ. ತಂದೆ ಮಾತ್ರ ಹಿತ್ತಲಿನ ಮುರುಕು ಕೊಟ್ಟಿಗೆಯಲ್ಲಿ. ಲೆಕ್ಕದ ಪುಸ್ತಕದಲ್ಲಿ ಆತ ಅನುಕೂಲಸ್ಥ. ಹೀಗಾಗಿ ತಪ್ಪಿಹೋದವರನ್ನು ಸರ್ಕಾರದ ಯೋಜನೆ ಮುಟ್ಟಲಾರದು.

ಎರಡನೆಯ ಮಾತು ಇನ್ನೂ ಬಿಸಿಯಾಗಿ ಬಂತು. ಮನೆ ಕಟ್ಟಿಸಿಕೊಟ್ಟರೆ ನಾಳೆ ಅದು ಯಾರಿಗೆ ಹೋಗುತ್ತದೆ? ಹತ್ತು ವರ್ಷದಿಂದ ಮುಖ ತೋರಿಸದ ಮಗನಿಗೆ! ಊರಿನ ಹಣದಿಂದ ಅವನಿಗೆ ಏಕೆ ಆಸ್ತಿ ಮಾಡಿಕೊಡಬೇಕು? ಈ ಪ್ರಶ್ನೆಗೆ ಸಭೆಯಲ್ಲಿ ಅರ್ಧ ಜನ ತಲೆಯಾಡಿಸಿದರು. ನನಗೂ ಇದರಲ್ಲಿ ನ್ಯಾಯ ಕಂಡಿತು. ಆದರೆ ಮಗನ ಮೇಲಿನ ಸಿಟ್ಟನ್ನು ತಾಯಿಯ ಮೇಲೆ ತೀರಿಸುವುದು ಸರಿಯಲ್ಲ. ಮಗನನ್ನು ಹಿಡಿಯಲು 2007ರ ಕಾಯಿದೆ ಇದೆ. ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಆ ಕಾಯಿದೆಯಂತೆ ಉಪವಿಭಾಗಾಧಿಕಾರಿಯವರ ಮುಂದೆ ಅರ್ಜಿ ಹಾಕಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದೆ ಹೋದರೆ, ಅದರ 23ನೆಯ ಕಲಮಿನಂತೆ ಆ ಪತ್ರವನ್ನೇ ಅನೂರ್ಜಿತವೆಂದು ಮಾಡಿಸಲು ದಾರಿಯಿದೆ. ಷರತ್ತು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಕೆಲಸ ಸುಲಭ. ಹೆಬ್ಬೆಟ್ಟು ಒತ್ತುವ ಮುಂಚೆ ಇದನ್ನು ನೆನಪಿಡತಕ್ಕದ್ದು.

ಮನೆ ಮಗನಿಗೆ ಹೋಗಬಾರದೆಂದಾದರೆ ಬೇರೊಂದು ದಾರಿಯೂ ಉಂಟು. ಪಂಚಾಯಿತಿಯೇ ತನ್ನ ನಿವೇಶನದಲ್ಲಿ ಎರಡೋ ಮೂರೋ ಚಿಕ್ಕ ಮನೆಗಳನ್ನು ಕಟ್ಟಿ, ಒಡೆತನ ತನ್ನಲ್ಲೇ ಇಟ್ಟುಕೊಂಡು, ಇರುವವರೆಗೆ ವಾಸಕ್ಕೆ ಕೊಡುವುದು. ಅವರ ತರುವಾಯ ಮತ್ತೊಬ್ಬ ಮುದುಕರಿಗೆ. ಇದು ಹೊಸ ಮಾತಲ್ಲ. ಇಂಗ್ಲೆಂಡಿನಲ್ಲಿ ಆಮ್ಸ್‌ಹೌಸ್ ಎಂಬ ಇಂಥ ಧರ್ಮದ ಮನೆಗಳು ನೂರಾರು ವರ್ಷಗಳಿಂದ ನಡೆದುಬಂದಿವೆ. ಅಲ್ಲಿರುವವರು ಮಾಲೀಕರಲ್ಲ, ಮನೆ ದತ್ತಿಯದು. ಒಮ್ಮೆ ಹಾಕಿದ ಹಣ ನಾಲ್ಕಾರು ಮಂದಿಗೆ ಆಗುತ್ತದೆ. ಆದರೆ ಹೆಂಚು ಒಡೆದರೆ, ಬಚ್ಚಲು ಕಟ್ಟಿದರೆ ಸರಿಪಡಿಸುವವರು ಯಾರು ಎಂಬುದನ್ನು ಮೊದಲೇ ಬರೆದಿಡಬೇಕು. ಕಟ್ಟಲು ಅನುದಾನ ಸಿಕ್ಕೀತು. ದುರಸ್ತಿಗೆ ಪಂಚಾಯಿತಿಯ ಸ್ವಂತ ಹಣವೇ ಬೇಕು. ಹಾಗಲ್ಲದೆ ಕಟ್ಟಿದ ಎಷ್ಟೋ ಕಟ್ಟಡಗಳು ಆಡು ಕಟ್ಟುವ ದೊಡ್ಡಿಗಳಾಗಿರುವುದನ್ನು ನೋಡಿದ್ದೇವೆ.

ಜಿಲ್ಲೆಗೊಂದು ವೃದ್ಧಾಶ್ರಮವಿದ್ದರೆ ಸಾಲದೇ ಎಂದು ಒಬ್ಬ ಯುವಕ ಕೇಳಿದ. ಮೇಲೆ ಹೇಳಿದ ಕಾಯಿದೆಯಲ್ಲೇ ಜಿಲ್ಲೆಗೆ ಒಂದರಂತೆ, 150 ಮಂದಿಗೆ ಕಡಿಮೆಯಿಲ್ಲದ ಆಶ್ರಮಗಳ ಮಾತಿದೆ. ದಿಕ್ಕೇ ಇಲ್ಲದವರಿಗೆ ಅದು ಬೇಕು. ಆದರೆ ಅರವತ್ತು ವರ್ಷ ಒಂದೇ ಬಾವಿಯ ನೀರು ಕುಡಿದವರನ್ನು ಜಿಲ್ಲಾ ಕೇಂದ್ರಕ್ಕೆ ಸಾಗಿಸುವುದೆಂದರೆ ಹಳೆಯ ಮರವನ್ನು ಕಿತ್ತು ನೆಟ್ಟಂತೆ.

ಮೂರನೆಯ ಮಾತು ತೆರಿಗೆಯದು. ಕೊರತೆಯನ್ನು ಪಂಚಾಯಿತಿ ತುಂಬಲಿ ಎಂದು ಒಬ್ಬ ಹೆಣ್ಣುಮಗಳು ಸೂಚಿಸಿದಳು. ಕೂಡಲೆ ಗದ್ದಲವೆದ್ದಿತು. ನಮ್ಮ ಬೀದಿಯ ಚರಂಡಿಗೆ ಹಣವಿಲ್ಲ, ಮನೆಗೆ ಎಲ್ಲಿಂದ? ಈ ಗದ್ದಲವೇ ನಿಜವಾದ ಚರ್ಚೆ. ಇದನ್ನು ಬೇಗ ಮುಗಿಸಬಾರದಾಗಿತ್ತು.

ಪಂಚಾಯಿತಿಯ ಹಣದಲ್ಲಿ ಎರಡು ಬಗೆ. ಮೇಲಿನಿಂದ ಬರುವುದು ಒಂದು. 15ನೆಯ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ 2025-26ರ ವರೆಗೆ ನೂರಕ್ಕೆ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದರು. ಅದನ್ನು ಮನೆಗೆ ತಿರುಗಿಸುವಂತಿರಲಿಲ್ಲ. ಇನ್ನೊಂದು ಸ್ವಂತ ವರಮಾನ, ಮುಖ್ಯವಾಗಿ ಮನೆ ಕಂದಾಯ. ಊರಿನ ಇಷ್ಟಾನಿಷ್ಟಕ್ಕೆ ಸಲ್ಲುವ ಹಣ ಇದೊಂದೇ, ಮತ್ತು ನಾವು ಬಾಕಿ ಉಳಿಸುವುದೂ ಇದನ್ನೇ. ಎರಡು ಸಾವಿರ ಮನೆಗಳಿರುವ ಪಂಚಾಯಿತಿಯಲ್ಲಿ ಮನೆಯೊಂದಕ್ಕೆ ವರ್ಷಕ್ಕೆ 60 ರೂಪಾಯಿ, ಎಂದರೆ ತಿಂಗಳಿಗೆ 5 ರೂಪಾಯಿ, ಈ ಬಾಬತ್ತಿಗೆ ಎತ್ತಿಟ್ಟರೆ 1,20,000 ಕೂಡುತ್ತದೆ. ಇದನ್ನು ದಾನವಾಗಿ ಕೊಟ್ಟರೆ ಒಬ್ಬಿಬ್ಬರಿಗೇ ಮುಗಿಯಿತು. ತಳಪಾಯದ ಮುಂಗಡವಾಗಿ ಕೊಟ್ಟರೆ? ಒಬ್ಬೊಬ್ಬರಿಗೆ 50,000ದಂತೆ ಇಬ್ಬರಿಗೆ ಕೊಡಬಹುದು. ಕಂತು ಬಂದಾಗ ಹಣ ಹಿಂದಕ್ಕೆ. ಆರು ತಿಂಗಳಲ್ಲಿ ಬಂದರೆ ವರ್ಷಕ್ಕೆ ನಾಲ್ವರ ತಳಪಾಯ, ಮತ್ತು ಹಣ ಹಾಗೆಯೇ ಇದೆ. ಬಿತ್ತನೆ ಬೀಜವನ್ನು ಕೊಟ್ಟು ಸುಗ್ಗಿಯಲ್ಲಿ ಮರಳಿ ಪಡೆಯುವ ನಮ್ಮ ಹಳೆಯ ವಾಡಿಕೆ ಇದಕ್ಕೆ ಹೋಲುತ್ತದೆ.

ತೊಡಕುಗಳನ್ನೂ ಹೇಳಬೇಕು. ಕಂತು ಬರುವುದು ತಡವಾದರೆ ನಿಧಿ ನಿಂತುಹೋಗುತ್ತದೆ. ಮುಂಗಡ ಮರಳಿಸಿದ ಮೇಲೆ ಗೋಡೆಗೆ ಹಣ ಎಲ್ಲಿ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಆದುದರಿಂದ ಕೊನೆಯ ಕಂತಿನಿಂದ ಹಿಡಿದುಕೊಳ್ಳುವುದು ಮೇಲು, ಆದರೆ ಆಗ ಹಣ ತಿರುಗುವುದು ನಿಧಾನ. ಪಂಚಾಯಿತಿ ಹೀಗೆ ಮುಂಗಡ ಕೊಡಬಹುದೇ ಎಂಬುದನ್ನು ಅಭಿವೃದ್ಧಿ ಅಧಿಕಾರಿಯವರಿಂದ ಬರವಣಿಗೆಯಲ್ಲೇ ಪಡೆಯಿರಿ. ಅಲ್ಲಿ ಆಗದಿದ್ದರೆ ಸಂಜೀವಿನಿ ಮಹಿಳಾ ಒಕ್ಕೂಟದ ಬಾಗಿಲು ತಟ್ಟಬೇಕು; ಅತಿ ಬಡವರ, ಮುದುಕರ ಆಪತ್ತಿಗೆಂದು ಪ್ರತ್ಯೇಕ ನಿಧಿ ಇಡುವ ಏರ್ಪಾಡು ಅಂಥ ಒಕ್ಕೂಟಗಳಲ್ಲಿದೆ.

ಪಕ್ಕದ ಕೇರಳದವರು ಬೇರೆ ಹಾದಿ ಹಿಡಿದರು. ಅಲ್ಲಿ ಲೈಫ್ ಎಂಬ ಯೋಜನೆಯಲ್ಲಿ ಮನೆಯೊಂದಕ್ಕೆ 4 ಲಕ್ಷ ಕೊಡುತ್ತ ಬಂದರು. ಕೇಂದ್ರದ ಯೋಜನೆಯ ಮನೆಯಾದರೆ ಅದರಲ್ಲಿ ಕೇಂದ್ರದ ಪಾಲು 72,000 ಮಾತ್ರ. ಉಳಿದುದನ್ನು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಹೊತ್ತವು, ಅದಕ್ಕಾಗಿ ಹುಡ್ಕೋ ಸಂಸ್ಥೆಯಿಂದ ಸಾಲವನ್ನೂ ಎತ್ತಿದರು. ಮನೆ ಪೂರ್ಣವಾಗುವಷ್ಟು ಹಣ ಸಿಗುತ್ತದೆ ಎಂಬುದು ಇದರ ಗುಣ. ಮುಂದಿನ ವರ್ಷಗಳ ರಸ್ತೆ ಚರಂಡಿಯ ಹಣವನ್ನು ಇಂದೇ ಒತ್ತೆಯಿಟ್ಟಂತಾಗುತ್ತದೆ ಎಂಬುದು ದೋಷ. ನಮ್ಮ ಪಂಚಾಯಿತಿಗಳು ಸಾಲಕ್ಕೆ ಇಳಿಯುವ ಮೊದಲು ಕಂದಾಯದ ಬಾಕಿ ವಸೂಲು ಮಾಡಲಿ ಎಂದು ನನ್ನ ಅಭಿಪ್ರಾಯ.

ಹಣವಷ್ಟೇ ಸಾಲದು, ಕಟ್ಟಿಸುವವರು ಬೇಕು. ಕೇಂದ್ರದ ಯೋಜನೆಯಲ್ಲಿ ಗುತ್ತಿಗೆದಾರರನ್ನು ತರುವಂತಿಲ್ಲ, ಮನೆಯವರೇ ಕಟ್ಟಿಸಬೇಕು. ಮುದುಕರಿಗೂ ಅಂಗವಿಕಲರಿಗೂ ಇದು ಆಗದ ಕೆಲಸವೆಂದು ಬಲ್ಲವರು ಮಾರ್ಗಸೂಚಿಯಲ್ಲೇ ಒಂದು ಪರಿಹಾರ ಬರೆದಿದ್ದಾರೆ. ಇಂಥವರ ಮನೆಯನ್ನು ಗಾರೆ ಕೆಲಸದ ತರಬೇತಿಯ ಮನೆಯಾಗಿ ತೆಗೆದುಕೊಳ್ಳಬೇಕು. ತರಬೇತಿಯವರು ಕಲಿಯುತ್ತ ಕಟ್ಟುತ್ತಾರೆ. ಅದು ಸಾಧ್ಯವಾಗದಿದ್ದರೆ ಪಂಚಾಯಿತಿ ಮೊದಲಾದವರ ಮೂಲಕ ಕಟ್ಟಲು ನೆರವು ಒದಗಿಸತಕ್ಕದ್ದು. ಈ ಸಾಲುಗಳನ್ನು ಬಲ್ಲ ಸದಸ್ಯರು ನನಗೆ ಹೆಚ್ಚು ಸಿಕ್ಕಿಲ್ಲ. ಕೇಳುವವರಿಲ್ಲದ ನಿಯಮ ಕಡತದಲ್ಲಿ ನಿದ್ರೆ ಮಾಡುತ್ತದೆ.

ಖಾತೆಯ ವಿಷಯವನ್ನೂ ಮರೆಯಬಾರದು. ಆ ಮುದುಕಿಯ ನಿವೇಶನ ಸತ್ತುಹೋದ ಮಾವನ ಹೆಸರಿನಲ್ಲೇ ಇತ್ತು. ಪೌತಿ ಖಾತೆಯಾಗದೆ, ಪಂಚಾಯಿತಿಯಿಂದ ಇ-ಸ್ವತ್ತು ನಮೂನೆ ಸಿಗದೆ, ಕಟ್ಟುವ ಕೆಲಸ ಮುಂದುವರಿಯದು. ಇದಕ್ಕೆ ದುಡ್ಡಿಗಿಂತ ಓಡಾಟ ಹೆಚ್ಚು. ಓದಿದ ಹುಡುಗನೊಬ್ಬ ಎರಡು ದಿನ ಆಕೆಯ ಜೊತೆ ಹೋದರೆ ಆಗುವ ಕೆಲಸ ಎರಡು ವರ್ಷ ನಿಂತಿತ್ತು.

ಹೊಸ ಮನೆಯೇ ಬೇಕೆಂದೂ ಇಲ್ಲ. ಗೋಡೆ ಗಟ್ಟಿಯಿದ್ದು ಮಾಡು ಸೋರುವ ಮನೆಗೆ ಹೊಸ ಹೆಂಚು, ಜಾರದ ನೆಲ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಹಿಡಿದುಕೊಳ್ಳಲು ಒಂದು ಕೊಳವೆ, ಹೊಸ್ತಿಲ ಬದಲು ಇಳಿಜಾರು: ಇಷ್ಟಾದರೆ ಎಷ್ಟೋ ಮುದುಕರಿಗೆ ಸಾಕು. ಹೊಸ ಮನೆಯ ಹಣದ ಕಾಲುಭಾಗವೂ ಬೇಕಾಗದು. ನಮ್ಮ ದೊಡ್ಡ ಯೋಜನೆಗಳು ಹೊಸದನ್ನು ಕಟ್ಟಲು ಕೊಡುತ್ತವೆ, ಹಳೆಯದನ್ನು ಉಳಿಸಲು ಕೊಡುವುದು ಕಡಿಮೆ.

ಅಂದಿನ ಸಭೆ ಆಕೆಯ ಹೆಸರನ್ನು ತೆಗೆಯಲಿಲ್ಲ. ಮೂರು ತಿಂಗಳ ವಾಯಿದೆ ಕೊಟ್ಟಿತು. ಒಕ್ಕೂಟದ ಹೆಂಗಸರು 40,000 ಮುಂಗಡ ಕೊಡಲು ಒಪ್ಪಿದರು. ಕಲ್ಲನ್ನು ಇಬ್ಬರು ರೈತರು ತಮ್ಮ ಟ್ರಾಕ್ಟರುಗಳಲ್ಲಿ ಬಾಡಿಗೆಯಿಲ್ಲದೆ ಸಾಗಿಸಿದರು. ಹೆಸರು ತೆಗೆಯಿರಿ ಎಂದು ಕೂಗಿದವರೇ ಅವರಲ್ಲೊಬ್ಬರು. ತಳಪಾಯವಾಯಿತು, ಫೋಟೋ ತೆಗೆದರು, ಮೊದಲ ಕಂತು ಬಂತು. ಇದನ್ನು ಬರೆಯುವ ಹೊತ್ತಿಗೆ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಛಾವಣಿಗೆ ಹಣ ಕೂಡಿಲ್ಲ, ಮಳೆಗೆ ಇನ್ನು ಹೆಚ್ಚು ದಿನವಿಲ್ಲ; ಆ ಬಾಬತ್ತು ಮುಂದಿನ ಸಭೆಯ ಪಟ್ಟಿಯಲ್ಲಿ ಮೊದಲನೆಯದಾಗಿದೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ನಮ್ಮ ಪಂಚಾಯತ್ ರಾಜ್ ಕಾಯಿದೆ ಹೇಳುತ್ತದೆ. ನಿಮ್ಮ ಊರಿನ ಸಭೆಗೆ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದು ತನ್ನಿ: ದುಡಿಯುವ ಕೈ ಇಲ್ಲದ ಮನೆಗಳೆಷ್ಟು, ಅವುಗಳಲ್ಲಿ ಖಾತೆ ಸರಿಯಿಲ್ಲದವು ಎಷ್ಟು, ಮಂಜೂರಾಗಿಯೂ ತಳಪಾಯವಾಗದವು ಎಷ್ಟು, ದುರಸ್ತಿಯಿಂದ ಸರಿಹೋಗುವವು ಎಷ್ಟು, ಮತ್ತು ಊರಿನ ಮನೆ ಕಂದಾಯದ ಬಾಕಿ ಎಷ್ಟು. ಕೊನೆಯ ಅಂಕಿಯನ್ನು ಬರೆಯುವಾಗ ನಮ್ಮ ನಮ್ಮ ಮನೆಯ ಬಾಕಿಯನ್ನೂ ಸೇರಿಸಿಯೇ ಬರೆಯೋಣ.